ಹಳೇ ಮನೆಗೊಬ್ಬ ಪ್ಲಂಬರ್ ಬೇಕು

ನಮ್ಮ ಬಚ್ಚಲುಮನೆಯ ನಲ್ಲಿ ಒಂದು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ವಾಷರ್ ಬದಲಿಸಿದರೆ ಮುಗಿಯುವ ಕೆಲಸ ಎಂದುಕೊಂಡು ಹಾರ್ಡ್‌ವೇರ್ ಅಂಗಡಿಯ ಮುಂದೆ ಸಿಕ್ಕ ಹುಡುಗನೊಬ್ಬನನ್ನು ಕರೆತಂದೆ. ಚುರುಕಿನ ಹುಡುಗ. ಬಂದವನೇ ನಲ್ಲಿಗೆ ಪೈಪ್ ರೆಂಚು ಹಾಕಿದ, ಅಲುಗಾಡಲಿಲ್ಲವೆಂದು ಗೋಡೆಗೆ ಕಾಲು ಕೊಟ್ಟು ಎಳೆದ. ನಲ್ಲಿ ಬಂತು. ಜೊತೆಗೆ ಗೋಡೆಯೊಳಗಿನ ತುಕ್ಕು ಹಿಡಿದ ನಿಪ್ಪಲಿನ ಅರ್ಧ ತುಂಡೂ ಬಂತು. ಉಳಿದರ್ಧ ಎಲ್ಬೋದಲ್ಲೇ ಸಿಕ್ಕಿಕೊಂಡು, ನೀರು ಎದುರಿನ ಗೋಡೆಗೆ ಚಿಮ್ಮತೊಡಗಿತು. ಮಾಳಿಗೆಯ ಗೇಟ್ ವಾಲ್ವ್ ಮುಚ್ಚೋಣವೆಂದು ಓಡಿದರೆ ಅದನ್ನು ಇಪ್ಪತ್ತು ವರ್ಷದಿಂದ ಯಾರೂ ತಿರುಗಿಸಿಯೇ ಇರಲಿಲ್ಲ. ಚಕ್ರ ಕೈಗೆ ಬಂತು, ವಾಲ್ವ್ ಮುಚ್ಚಲಿಲ್ಲ. ಟ್ಯಾಂಕಿನ ಐನೂರು ಲೀಟರ್ ನೀರು ಖಾಲಿಯಾಗುವವರೆಗೂ ಅಮ್ಮ ನಡುಮನೆಯ ಹೊಸ್ತಿಲಿಗೆ ಹಳೇ ಸೀರೆ ಒತ್ತಿಟ್ಟುಕೊಂಡು ಕೂತಿದ್ದರು.

ಮಾರನೇ ದಿನ, ಪಕ್ಕದ ಬೀದಿಯವರು ಹೇಳಿ ಕಳಿಸಿದ ಇನ್ನೊಬ್ಬ ಪ್ಲಂಬರ್ ಬಂದರು. ಅರವತ್ತರ ಹತ್ತಿರದ ವಯಸ್ಸು. ಹೆಗಲ ಚೀಲವನ್ನು ಕೆಳಗಿಟ್ಟರು, ಬಿಚ್ಚಲಿಲ್ಲ. “ಅಮ್ಮಾ, ಈ ಮನೆ ಯಾವ ವರ್ಷದ್ದು? ಬೋರ್ ನೀರು ಯಾವಾಗಿಂದ? ಬೆಳಿಗ್ಗೆ ಮೊದಲು ಬರೋ ನೀರು ಕೆಂಪಗಿರುತ್ತಾ?” ಎಂದು ಅಮ್ಮನನ್ನು ಕೇಳಿದರು. ಮೇಲೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರು. ಹಿತ್ತಲಿಗೆ ಹೋಗಿ ಒಳಚರಂಡಿಯ ಚೇಂಬರಿನ ಕಲ್ಲು ಎತ್ತಿಸಿದರು. ಅರ್ಧ ಗಂಟೆಯ ಮೇಲೆ ಹೇಳಿದ್ದು ಇಷ್ಟು: “ಇಲ್ಲಿ ಮುಟ್ಟಿದ್ರೆ ಅಲ್ಲಿ ಬಿಡುತ್ತೆ, ಅಲ್ಲಿ ಮುಟ್ಟಿದ್ರೆ ಇನ್ನೊಂದು ಕಡೆ. ಗೋಡೆಯೊಳಗಿನ ಲೈನು ಇದ್ದಲ್ಲೇ ಮಲಗಿರಲಿ ಬಿಡಿ. ಹೊಸದನ್ನ ಹೊರಗಡೆಯಿಂದ ತರೋಣ.”

ಹಳೇ ಮನೆಯ ರಿಪೇರಿಗೆ ಪ್ಲಂಬರನ್ನು ಕರೆಯುವವರು ಮೊದಲು ತಿಳಿಯಬೇಕಾದ ಮಾತು ಇದೇ. ಹೊಸ ಮನೆಯಲ್ಲಿ ನಾವು ಕೂಲಿ ಕೊಡುವುದು ಕೈ ಕೆಲಸಕ್ಕೆ. ಹಳೇ ಮನೆಯಲ್ಲಿ ಕೊಡಬೇಕಾದ್ದು ಎಲ್ಲಿ ಕೈ ಹಾಕಬಾರದು ಎಂಬ ತಿಳಿವಳಿಕೆಗೆ. ಆ ಹುಡುಗನ ತೋಳಿನಲ್ಲಿ ಶಕ್ತಿಗೆ ಕೊರತೆ ಇರಲಿಲ್ಲ. ಅನಾಹುತ ಆದದ್ದು ಶಕ್ತಿ ಹೆಚ್ಚಾಗಿಯೇ. ನನ್ನ ತಪ್ಪೂ ಇತ್ತು. ಅವನಿಗೆ ಮನೆಯ ವಯಸ್ಸನ್ನು ನಾನು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ.

ಗೋಡೆಯೊಳಗಿನ ಚರಿತ್ರೆ

ಬೆಂಗಳೂರಿಗೆ ಕೊಳವೆಯ ನೀರು ಬಂದದ್ದು 1896ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿಕೊಂಡಿತು. ಜಲಮಂಡಳಿ ಹುಟ್ಟಿದ್ದು 1964ರಲ್ಲಿ. ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಹತ್ತಿಬಂದದ್ದು 1974ರಲ್ಲಿ. ಅದೇ ವರ್ಷ ಅಪ್ಪ ಜಯನಗರದ ಈ ಮನೆ ಕಟ್ಟಿಸಿದರು. ಆಗ ನಮಗೆ ಸಂಪು ಇರಲಿಲ್ಲ. ರಾತ್ರಿ ಬೀದಿ ಲೈನಿನ ಒತ್ತಡಕ್ಕೇ ನೀರು ಮಾಳಿಗೆಗೆ ಏರುತ್ತಿತ್ತು. ಬಚ್ಚಲಲ್ಲಿ ಹಂಡೆ, ಒಲೆ, ಒಂದೇ ಒಂದು ತಣ್ಣೀರಿನ ನಲ್ಲಿ. ಆಮೇಲೆ ಸಂಪು ಬಂತು, ಮೋಟರ್ ಬಂತು. ಗೀಸರ್ ಬಂದಾಗ ಬಿಸಿನೀರಿಗೆ ಇನ್ನೊಂದು ಲೈನು. ತೊಂಬತ್ತರ ದಶಕದಲ್ಲಿ ಬೋರ್‌ವೆಲ್, ಅದಕ್ಕೆ ಪಿವಿಸಿ ಪೈಪು. ಸೋಲಾರ್ ಹಾಕಿಸಿದಾಗ ಬಿಸಿ ತಾಳುವ ಸಿಪಿವಿಸಿ. ಐವತ್ತು ವರ್ಷದಲ್ಲಿ ಬಂದುಹೋದ ಪ್ರತಿ ಪ್ಲಂಬರೂ ಹಿಂದಿನವನ ಕೆಲಸದ ಬಾಲಕ್ಕೆ ತನ್ನದೊಂದು ತುಂಡು ಸೇರಿಸಿ ಹೋಗಿದ್ದಾನೆ. ಮೈಸೂರು, ಧಾರವಾಡ, ದಾವಣಗೆರೆಯ ಹಳೇ ಬಡಾವಣೆಗಳ ಮನೆಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಇವು ಯಾವುದಕ್ಕೂ ನಕ್ಷೆಯಿಲ್ಲ.

ಈ ಪದರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಜಿಐ ಪೈಪು. ಕಬ್ಬಿಣದ ಪೈಪಿಗೆ ಸತುವಿನ ಲೇಪ ಕೊಟ್ಟಿರುತ್ತಾರೆ. ಪೈಪಿನ ಮೇಲಿನ ಬಣ್ಣದ ಪಟ್ಟಿ ಅದರ ದಪ್ಪ ಹೇಳುತ್ತದೆ: ಹಳದಿ ಎಂದರೆ ತೆಳು, ನೀಲಿ ಎಂದರೆ ಮಧ್ಯಮ, ಕೆಂಪು ಎಂದರೆ ದಪ್ಪ. ವರ್ಷಗಳು ಕಳೆದಂತೆ ಸತು ಸವೆಯುತ್ತದೆ, ಕಬ್ಬಿಣ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮೊದಲು ಸವೆಯುವುದು ತ್ರೆಡ್ ಕೊರೆದ ಜಾಗ. ಅಲ್ಲಿ ಲೋಹವೂ ತೆಳು, ಲೇಪವೂ ಇಲ್ಲ. ಅದಕ್ಕೇ ಹಳೇ ನಲ್ಲಿ ಬಿಚ್ಚುವಾಗ ಮುರಿಯುವುದು ಹೆಚ್ಚಾಗಿ ಜಾಯಿಂಟಿನಲ್ಲೇ. ಅದರ ಮೇಲೆ ಬೋರ್ ನೀರಿನ ಗಡಸು. ಹಂಡೆಯ ಒಳಮೈಗೆ ಕಟ್ಟುತ್ತಿದ್ದ ಬಿಳಿಯ ಸುಣ್ಣದ ಪದರವೇ ಪೈಪಿನ ಒಳಗೂ ಕಟ್ಟುತ್ತದೆ. ಅರ್ಧ ಇಂಚಿನ ಪೈಪಿನ ಬಾಯಿ ಕಾಲಿಂಚಿಗೆ ಇಳಿದರೆ ನೀರು ಹರಿಯುವ ಜಾಗ ಅರ್ಧವಾಗುವುದಿಲ್ಲ, ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. “ಟ್ಯಾಂಕ್ ತುಂಬಿದೆ, ಆದರೆ ಶವರಿನಲ್ಲಿ ನೀರಿಲ್ಲ” ಎಂಬ ದೂರಿನ ಮೂಲ ಬಹುಪಾಲು ಇದೇ.

ನೀರು ಬರುವ ದಾರಿಯದು ಹೀಗಾದರೆ, ಹೋಗುವ ದಾರಿಯದು ಬೇರೆ ಕತೆ. ಹಳೇ ಮನೆಗಳ ಶೌಚದ ಪೈಪು ಎರಕದ ಕಬ್ಬಿಣದ್ದು. ಅದರ ಜಾಯಿಂಟಿಗೆ ಸಣಬಿನ ಹುರಿ ತುಂಬಿ, ಕಾಸಿದ ಸೀಸ ಹೊಯ್ದು, ಉಳಿಯಿಂದ ಬಡಿದು ಕೂರಿಸುತ್ತಿದ್ದರು. ಲ್ಯಾಟಿನ್ನಿನಲ್ಲಿ ಸೀಸಕ್ಕೆ ಪ್ಲಂಬಮ್ ಎನ್ನುತ್ತಾರೆ. ಪ್ಲಂಬರ್ ಎಂಬ ಹೆಸರು ಬಂದದ್ದೇ ಅಲ್ಲಿಂದ. ಸೀಸ ಕಾಸಿ ಹೊಯ್ಯಬಲ್ಲವರು ಈಗ ವಿರಳ, ಹೆಸರು ಮಾತ್ರ ಉಳಿದಿದೆ. ನೆಲದಡಿಯಲ್ಲಿ ಇರುವುದು ಮೆರುಗು ಕೊಟ್ಟ ಮಣ್ಣಿನ ಪೈಪು, ಅದರ ಜಾಯಿಂಟಿಗೆ ಬರೀ ಸಿಮೆಂಟು. ಹಿತ್ತಲಿನ ತೆಂಗು, ನುಗ್ಗೆ, ಬೀದಿಯಂಚಿನ ಮರ, ಎಲ್ಲದರ ಬೇರಿಗೂ ಆ ಸಿಮೆಂಟಿನ ಸೀಳಿನಿಂದ ಬರುವ ತೇವದ ವಾಸನೆ ಗೊತ್ತು. ಬೇರು ಒಳಹೊಕ್ಕು ಜಡೆಯಂತೆ ಹರಡಿಕೊಳ್ಳುತ್ತದೆ. ಪ್ರತಿ ಮೂರು ತಿಂಗಳಿಗೊಮ್ಮೆ ಚೇಂಬರ್ ಕಟ್ಟಿಕೊಂಡರೆ ಬಿದಿರಿನ ದಬ್ಬೆ ಹಾಕಿ ಕುಕ್ಕುವುದು ಚಿಕಿತ್ಸೆಯಲ್ಲ. ಎಲ್ಲಿ ಬೇರು ನುಗ್ಗಿದೆ ಎಂದು ಹುಡುಕಿ ಆ ತುಂಡನ್ನೇ ಬದಲಿಸಬೇಕು. ಮಣ್ಣಿನ ಪೈಪು ಸಂಪಿನ ಪಕ್ಕದಲ್ಲೇ ಹಾದುಹೋಗಿದ್ದರೆ ತಡಮಾಡಲೇಬಾರದು. ಅಲ್ಲಿನ ಸೋರಿಕೆ ಸೀದಾ ಕುಡಿಯುವ ನೀರಿಗೆ ಬರಬಹುದು.

ಕರೆಯುವ ಮೊದಲು ಮನೆಯವರ ಕೆಲಸ

ಪ್ಲಂಬರ್ ಬರುವ ಮುಂಚೆ ಮನೆಯವರು ಮಾಡಿಟ್ಟುಕೊಳ್ಳಬೇಕಾದ ಕೆಲಸ ಕೊಂಚ ಇದೆ. ಎರಡು ದಿನ ಕಣ್ಣಿಟ್ಟು ನೋಡಿದರೆ ಅರ್ಧ ರೋಗ ಪತ್ತೆಯಾಗುತ್ತದೆ. ಗೋಡೆಯ ತೇವವನ್ನೇ ತೆಗೆದುಕೊಳ್ಳಿ. ಮಳೆ ಇರಲಿ ಬಿಡಲಿ ಯಾವಾಗಲೂ ಒದ್ದೆಯಿದ್ದರೆ ನೀರು ಬರುವ ಲೈನಿನಲ್ಲಿ ಲೀಕು. ಸ್ನಾನವಾದ ಮೇಲೆ ಹೆಚ್ಚಾಗಿ, ಸಂಜೆಗೆ ಆರಿದರೆ ನೆಲದ ಜಾಯಿಂಟು ಅಥವಾ ಹೊರಹೋಗುವ ಪೈಪು. ಮಳೆಗಾಲದಲ್ಲಿ ಮಾತ್ರ ಕಾಣಿಸಿಕೊಂಡರೆ ಅದು ತಾರಸಿಯದ್ದೋ ಹೊರಗೋಡೆಯದ್ದೋ ತಪ್ಪು. ಅದಕ್ಕೆ ಬೇಕಾದವರು ಗಾರೆ ಕೆಲಸದವರು. ಈ ಮೂರನ್ನು ಬೇರ್ಪಡಿಸದೆ ಕರೆದರೆ, ತಪ್ಪಿಲ್ಲದ ಕಡೆ ಗೋಡೆ ಒಡೆಸಿ ಹಣ ಕೊಟ್ಟು ಕಳಿಸುತ್ತೇವೆ.

ನೀರಿನ ಬಿಲ್ಲು ಏಕಾಏಕಿ ಏರಿದರೆ ಮೀಟರ್ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಮೀಟರ್ ಇರುವುದು ಸಂಪಿಗಿಂತ ಮೊದಲು. ಅದು ತೋರಿಸುವುದು ಸಂಪಿಗೆ ಎಷ್ಟು ಬಂತೆಂದು ಮಾತ್ರ. ಆದ್ದರಿಂದ ರಾತ್ರಿ ಮಲಗುವ ಮುನ್ನ ಮೋಟರ್ ನಿಲ್ಲಿಸಿ, ಮೇಲಿನ ಟ್ಯಾಂಕಿಗೂ ಸಂಪಿಗೂ ಒಂದೊಂದು ಕೋಲು ಇಳಿಬಿಟ್ಟು ನೀರಿನ ಮಟ್ಟಕ್ಕೆ ಗುರುತು ಮಾಡಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮತ್ತೆ ನೋಡಿ. ಟ್ಯಾಂಕು ಇಳಿದಿದ್ದರೆ ಲೀಕು ಮನೆಯೊಳಗಿದೆ. ಮೋಟರ್ ಓಡದೆಯೂ ಸಂಪು ಇಳಿದಿದ್ದರೆ ಸಂಪಿನ ಗೋಡೆಯೇ ಬಿರುಕು ಬಿಟ್ಟಿರಬಹುದು. ಫ್ಲಶ್ ಟ್ಯಾಂಕಿನ ಮೇಲೆ ಅನುಮಾನವಿದ್ದರೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಹಾಗೇ ಬಿಡಿ. ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರ್ ಸೋತಿದೆ ಎಂದರ್ಥ.

ಕೆಲವು ತೊಂದರೆಗೆ ಪ್ಲಂಬರೇ ಬೇಕಿಲ್ಲ. ಬಳಸದ ಬಚ್ಚಲಿನಿಂದ ವಾಸನೆ, ಜಿರಳೆ ಬರುತ್ತಿದ್ದರೆ ಮೊದಲು ಒಂದು ಚೊಂಬು ನೀರು ಹುಯ್ಯಿರಿ. ನೆಲದ ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ ಎರಡು ಇಂಚಿನಷ್ಟು ನೀರು ನಿಂತಿರಬೇಕು. ಒಳಚರಂಡಿಯ ಗಾಳಿಯನ್ನು ತಡೆಯುವ ಬಾಗಿಲು ಆ ನೀರೇ. ಮಗಳ ಮನೆಗೆಂದು ತಿಂಗಳುಗಟ್ಟಲೆ ಹೋಗಿ ಬಂದವರ ಮನೆ ನಾರುವುದು ಅದು ಆರಿಹೋಗುವುದರಿಂದ. ಸಿಂಕು ಕಟ್ಟಿಕೊಂಡಾಗ ಆಸಿಡ್ ಸುರಿಯುವ ಅಭ್ಯಾಸವನ್ನು ಮಾತ್ರ ಬಿಡಿ. ಹಳೇ ಕಬ್ಬಿಣದ ಪೈಪನ್ನು ಅದು ತಿನ್ನುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಸುರಿದಿದ್ದೇ ಆದರೆ ಟ್ರ್ಯಾಪ್ ಬಿಚ್ಚುವವನಿಗೆ ಮುಂಚೆಯೇ ಹೇಳಿ. ಒಳಗೆ ನಿಂತ ಆಸಿಡ್ ಅವನ ಮುಖಕ್ಕೆ ಹಾರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ವಾಲ್ವು. ಮನೆಯ ಒಟ್ಟು ನೀರನ್ನು ನಿಲ್ಲಿಸುವ ವಾಲ್ವ್ ಎಲ್ಲಿದೆ, ಅದು ತಿರುಗುತ್ತದೆಯೇ ಎಂದು ಇವತ್ತೇ ನೋಡಿಬಿಡಿ. ತಿರುಗದಿದ್ದರೆ ಬಲ ಹಾಕಬೇಡಿ. ನಿಮ್ಮ ಮೊದಲ ರಿಪೇರಿ ಅದೇ ಆಗಲಿ. ಟ್ಯಾಂಕು ಖಾಲಿ ಮಾಡಿಸಿ ಅದರ ಜಾಗಕ್ಕೆ ಬಾಲ್ ವಾಲ್ವ್ ಹಾಕಿಸಿ, ಮೂರು ತಿಂಗಳಿಗೊಮ್ಮೆ ತಿರುಗಿಸುತ್ತಿರಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡೆವು ಎನ್ನುವಂತೆ ಆದದ್ದು ನಮ್ಮ ಮನೆಯಲ್ಲಿ. ನಿಮ್ಮಲ್ಲಿ ಆಗುವುದು ಬೇಡ.

ಯಾರನ್ನು ಕರೆಯುವುದು

ಮೊದಲು ಗಡಿ ಗೊತ್ತಿರಬೇಕು. ಮೀಟರಿನಿಂದಾಚೆ ಬೀದಿ ಲೈನಿನವರೆಗಿನ ಭಾಗಕ್ಕೆ ಜಲಮಂಡಳಿಯ ಅನುಮತಿಯಿಲ್ಲದೆ ಕೈ ಹಾಕುವಂತಿಲ್ಲ; ಅಂಥ ಕೆಲಸಕ್ಕೆ ಮಂಡಳಿಯ ಪರವಾನಗಿ ಪಡೆದ ಪ್ಲಂಬರ್‌ಗಳಿದ್ದಾರೆ. ರಸ್ತೆಯ ಮ್ಯಾನ್‌ಹೋಲ್ ಉಕ್ಕಿ ಮನೆಯ ಚೇಂಬರಿಗೆ ನುಗ್ಗುತ್ತಿದ್ದರೆ ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡುವುದು ಬಿಟ್ಟು ಸ್ವಂತ ಖರ್ಚಿನಲ್ಲಿ ಒದ್ದಾಡುವುದು ವ್ಯರ್ಥ. ಗೇಟಿನೊಳಗಿನದು ನಿಮ್ಮದು.

ಗೇಟಿನೊಳಗೆ ಬರುವವರಲ್ಲೂ ಬಗೆಗಳಿವೆ. ಅಂಗಡಿಯ ಮುಂದೆ ಸಿಗುವವರು, ಮೊಬೈಲ್ ಆ್ಯಪಿನಲ್ಲಿ ಕರೆದರೆ ಬರುವವರು, ಕಟ್ಟಡದ ಕಾಂಟ್ರಾಕ್ಟಿನಲ್ಲಿ ಗುಂಪಾಗಿ ದುಡಿಯುವವರು. ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಪಟ್ಟಾಮುಂಡೈ ಎಂಬ ಊರು ದೇಶಕ್ಕೆಲ್ಲ ಪ್ಲಂಬರ್‌ಗಳನ್ನು ಕಳಿಸುವ ಊರೆಂದೇ ಹೆಸರಾಗಿದೆ. ಅಲ್ಲಿ ಈ ಕಸುಬಿಗೆಂದೇ ಸರ್ಕಾರಿ ಸಂಸ್ಥೆಯಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಡಿಯಾ ಮಾತಾಡುವ ಪ್ಲಂಬರ್‌ಗಳು ಸಾಲುಸಾಲಾಗಿ ಸಿಗುವುದಕ್ಕೆ ಇದೂ ಕಾರಣ. ನಮ್ಮ ಐಟಿಐಗಳಲ್ಲೂ ಪ್ಲಂಬರ್ ಟ್ರೇಡ್ ಒಂದು ವರ್ಷದ ಓದು. ಊರು ಯಾವುದಾದರೇನು, ಸರ್ಟಿಫಿಕೇಟು ಇದ್ದರೇನು, ಹಳೇ ಮನೆಗೆ ಕೇಳಬೇಕಾದ ಪ್ರಶ್ನೆ ಒಂದೇ: “ಜಿಐ ಲೈನ್ ಮೇಲೆ ಕೆಲಸ ಮಾಡಿದ್ದೀರಾ? ಇತ್ತೀಚೆಗೆ ಯಾರ ಮನೆಯಲ್ಲಿ?” ಈಗಿನ ಅನೇಕ ಹುಡುಗರು ಕಸುಬು ಕಲಿತದ್ದೇ ಪ್ಲಾಸ್ಟಿಕ್ ಪೈಪಿನಲ್ಲಿ. ಕತ್ತರಿಸು, ಸಲ್ಯೂಷನ್ ಹಚ್ಚು, ಅಂಟಿಸು. ಅವರ ಚೀಲದಲ್ಲಿ ಜಿಐ ಪೈಪಿಗೆ ತ್ರೆಡ್ ಕೊರೆಯುವ ಡೈ ಸೆಟ್ ಇರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ನಿಮ್ಮ ಬೀದಿಯಲ್ಲಿ ನಿಮ್ಮದೇ ವಯಸ್ಸಿನ ಮನೆಯಿದ್ದರೆ ಅವರು ಯಾರನ್ನು ಕರೆಯುತ್ತಾರೆ ಎಂದು ಕೇಳುವುದಕ್ಕಿಂತ ಒಳ್ಳೆಯ ಶಿಫಾರಸು ಇಲ್ಲ.

ಬಂದವರ ಯೋಗ್ಯತೆ ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ನೀರು ನಿಲ್ಲಿಸದೆ ರೆಂಚು ಎತ್ತಿದವರನ್ನು ಅಲ್ಲೇ ತಡೆಯಿರಿ. ನಲ್ಲಿ ಬಿಚ್ಚುವಾಗ ಬಲ್ಲವರು ಎರಡು ರೆಂಚು ಬಳಸುತ್ತಾರೆ, ಒಂದರಲ್ಲಿ ಪೈಪನ್ನು ಅಲುಗದಂತೆ ಹಿಡಿದು ಇನ್ನೊಂದರಲ್ಲಿ ತಿರುಗಿಸುತ್ತಾರೆ. ಬಿಗಿಯಾಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯುತ್ತಾರೆ. “ಎಲ್ಲಾ ಒಡೆದು ಹೊಸದು ಹಾಕ್ಬಿಡಿ ಸಾರ್” ಎಂಬುದು ಬಾಗಿಲಲ್ಲೇ ಬಂದ ಮೊದಲ ಮಾತಾದರೆ ಎರಡನೆಯವರನ್ನೂ ಕೇಳಿ. “ಏನೂ ಆಗಲ್ಲ, ಎಂ-ಸೀಲ್ ಹಚ್ಚಿದ್ರೆ ಮುಗೀತು” ಎಂದರೂ ಅಷ್ಟೇ.

ದುಡ್ಡಿನ ಮಾತು

ಹಳೇ ಮನೆಯ ಕೆಲಸಕ್ಕೆ ನೋಡದೆ ಫೋನಿನಲ್ಲೇ ರೇಟು ಹೇಳುವವರನ್ನು ನಂಬಬೇಡಿ. ಹೇಳಿ ಎಂದು ಒತ್ತಾಯಿಸಲೂ ಬೇಡಿ. ಬಂದು ನೋಡಿದ್ದಕ್ಕೆ ದುಡ್ಡು ಕೇಳಿದರೆ ನಮ್ಮಲ್ಲಿ ಮುಖ ಸಿಂಡರಿಸುವುದುಂಟು. ಡಾಕ್ಟರು ನಾಡಿ ಹಿಡಿದದ್ದಕ್ಕೆ ಫೀಸು ಕೊಡುತ್ತೇವೆ, ವಕೀಲರು ಕಾಗದ ಓದಿದ್ದಕ್ಕೆ ಕೊಡುತ್ತೇವೆ, ಪ್ಲಂಬರ್ ಯೋಚನೆ ಮಾಡಿದ್ದಕ್ಕೆ ಮಾತ್ರ ಕೊಡುವುದಿಲ್ಲ. ನಮ್ಮ ಮನೆಗೆ ಬಂದ ಹಿರಿಯರು ಆ ಅರ್ಧ ಗಂಟೆ ನೋಡಿದ್ದರಿಂದಲೇ ಬಚ್ಚಲಿನ ಮೂರು ಗೋಡೆ ಉಳಿದವು. ನೋಡುವ ಕೂಲಿಯನ್ನು ಖುಷಿಯಿಂದ ಕೊಡಿ. ಕೊಟ್ಟರೆ ಅವರು ಅವಸರ ಮಾಡುವುದಿಲ್ಲ, ಇಲ್ಲದ ಕೆಲಸ ಹುಟ್ಟಿಸುವುದೂ ಇಲ್ಲ.

ನೋಡಿಯಾದ ಮೇಲೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಯಾವ ಯಾವ ಕೆಲಸ, ಪೈಪು ಯಾವ ಕಂಪನಿಯದು, ಎಷ್ಟು ಅಳತೆಯದು, ಸಾಮಾನು ತರುವವರು ಯಾರು, ಒಡೆದ ಗೋಡೆಗೆ ಗಾರೆ ಮೆತ್ತುವವರು ಯಾರು, ಕಸ ಎತ್ತುವವರು ಯಾರು. ಕೊನೆಯ ಎರಡರ ಬಗ್ಗೆಯೇ ಹೆಚ್ಚು ಜಗಳ. “ಗೋಡೆ ಒಡೆದಾಗ ಒಳಗೆ ಬೇರೆ ತೊಂದರೆ ಕಂಡರೆ ಕೆಲಸ ನಿಲ್ಲಿಸಿ, ತೋರಿಸಿ, ರೇಟು ಮಾತಾಡಿ ಮುಂದುವರಿಯುವುದು” ಎಂಬ ಒಂದು ಸಾಲು ಕಡ್ಡಾಯವಾಗಿ ಇರಲಿ. ಸಣ್ಣ, ಸ್ಪಷ್ಟ ಕೆಲಸಕ್ಕೆ ಗುತ್ತಿಗೆ ಮಾತಾಡಿಕೊಳ್ಳುವುದು ಲೇಸು. ಗೋಡೆಯೊಳಗೆ ಏನಿದೆಯೋ ತಿಳಿಯದ ಕೆಲಸಕ್ಕೆ ದಿನಗೂಲಿಯೇ ಇಬ್ಬರಿಗೂ ನ್ಯಾಯ. ಅಲ್ಲಿ ಗುತ್ತಿಗೆ ಒಪ್ಪಿಕೊಂಡವರು ನಷ್ಟವಾಗುತ್ತಿದೆ ಎನ್ನಿಸಿದ ಗಳಿಗೆಯಿಂದ ಕೆಲಸವನ್ನು ಓಡಿಸುತ್ತಾರೆ. ಸಾಮಾನು ಪ್ಲಂಬರೇ ತಂದರೆ ಅಂಗಡಿಯವರು ಅವರಿಗೆ ಒಂದಿಷ್ಟು ಕಮಿಷನ್ ಕೊಡುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಬೇಸರವಾದರೆ ಚೀಟಿ ಬರೆಸಿಕೊಂಡು ನೀವೇ ಹೋಗಿ ತನ್ನಿ, ಬಿಲ್ಲು ಇಟ್ಟುಕೊಳ್ಳಿ. ಹಣ ಕೊಟ್ಟು ಪಡೆದ ಸೇವೆಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಕೈಯಲ್ಲಿ ಬರಹವಿಲ್ಲದೆ ಎಲ್ಲಿಗೆ ಹೋದರೂ ಹೇಳಿಕೊಳ್ಳುವುದು ಕಷ್ಟ.

ತೇಪೆಯೋ, ಹೊಸ ಲೈನೋ

ನಮ್ಮ ಪ್ಲಂಬರ್ ಹೇಳಿದ ಲೆಕ್ಕ ಸರಳ. ಲೀಕು ಒಂದೇ ಕಡೆಯಿದ್ದು, ಬೆಳಗಿನ ನೀರು ತಿಳಿಯಾಗಿದ್ದು, ಒತ್ತಡ ಚೆನ್ನಾಗಿದ್ದರೆ ತೇಪೆ ಸಾಕು. ಒಂದೇ ವರ್ಷದಲ್ಲಿ ಮೂರನೇ ಲೀಕು, ಕೆಂಪು ನೀರು, ಕುಗ್ಗಿದ ಧಾರೆ ಒಟ್ಟಿಗೆ ಬಂದರೆ ಆ ಲೈನಿನ ಆಯಸ್ಸು ಮುಗಿದಿದೆ. ಆಗ ಗೋಡೆಯೊಳಗಿನ ಪೈಪನ್ನು ಕಿತ್ತು ತೆಗೆಯುವ ಗೋಜೇ ಬೇಡ. ಎರಡೂ ತುದಿಯ ಬಾಯಿಗೆ ಮುಚ್ಚುವ ಡಮ್ಮಿ ಹಾಕಿ ಅಲ್ಲೇ ಬಿಟ್ಟು, ಹೊಸ ಲೈನನ್ನು ಮಾಳಿಗೆಯಿಂದ ಹೊರಗೋಡೆಯ ಮೇಲೆ ಕ್ಲಾಂಪ್ ಹೊಡೆದು ಇಳಿಸಿ, ಬೇಕಾದ ಕಡೆ ಮಾತ್ರ ಒಳಗೆ ತರುವುದು. ರೆಡ್ ಆಕ್ಸೈಡ್ ನೆಲ, ಸುಣ್ಣದ ಗಾರೆಯ ಗೋಡೆಯ ಮನೆಗಳಿಗಂತೂ ಇದೇ ದಾರಿ. ಐವತ್ತು ವರ್ಷ ಒರೆಸಿ ಹೊಳಪೇರಿದ ಕೆಂಪು ನೆಲವನ್ನು ಒಮ್ಮೆ ಒಡೆದರೆ ಅದೇ ಬಣ್ಣದ ತೇಪೆ ಯಾರಿಂದಲೂ ಆಗದು. ಹೊರಗೆ ಪೈಪು ಕಂಡರೆ ಅಂದ ಕೆಡುತ್ತದೆ ಎನ್ನುವವರಿದ್ದಾರೆ. ಕಣ್ಣಿಗೆ ಕಾಣುವ ಲೀಕು ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ ಎಂಬುದೇ ಅದಕ್ಕೆ ಉತ್ತರ.

ಹೊಸ ಲೈನು ಹಾಕಿಸುವಾಗ ನಾಲ್ಕು ಸಂಗತಿಗಳಲ್ಲಿ ಎಚ್ಚರ ಬೇಕು. ಮೊದಲನೆಯದು ಪೈಪಿನ ಬಗೆ. ಬಿಸಿನೀರಿಗೆ ಬಿಳಿಯ ಯುಪಿವಿಸಿ ಆಗದು, ಸಿಪಿವಿಸಿಯೇ ಬೇಕು. ಎರಡರ ಸಲ್ಯೂಷನ್ ಬೇರೆ ಬೇರೆ; ಡಬ್ಬಿಯ ಮೇಲಿನ ಹೆಸರು ಓದಿ ನೋಡಿ. ಕುಡಿಯುವ ನೀರಿಗೆ ಪಿವಿಸಿ ಹಾಕಿಸುವುದಾದರೆ ಸೀಸವಿಲ್ಲದ್ದೆಂದು ಮುದ್ರಿಸಿರುವುದನ್ನೇ ತನ್ನಿ. ಪಿವಿಸಿ ಪೈಪಿನಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕುವ ಕೇಂದ್ರದ ನಿಯಮ ಬಂದದ್ದೇ 2021ರಲ್ಲಿ. ಎರಡನೆಯದು ಬಿಸಿಲು. ಹೊರಗೋಡೆಯ ಸಿಪಿವಿಸಿ ಬಿಸಿಲಿಗೆ ಬಣ್ಣಗೆಟ್ಟು ಪೆಡಸಾಗುತ್ತದೆ. ಅದಕ್ಕೆ ನೀರಿನಲ್ಲಿ ಕಲೆಸುವ ಅಕ್ರಿಲಿಕ್ ಪೇಂಟ್ ಬಳಿಸಿ, ಎಣ್ಣೆ ಪೇಂಟ್ ಬೇಡ.

ಮೂರನೆಯದು ಪ್ರೆಷರ್ ಪಂಪು. ಹೊಸ ಶವರ್ ತಂದವರಿಗೆ ಧಾರೆ ಸಾಲದೆ ಪಂಪ್ ಕೂರಿಸುವ ಆಸೆ ಬರುತ್ತದೆ. ಹತ್ತು ಮೀಟರ್ ಎತ್ತರದ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ನಿಮ್ಮ ಟ್ಯಾಂಕು ನಲ್ಲಿಗಿಂತ ಮೂರು ಮೀಟರ್ ಮೇಲಿದ್ದರೆ ಹಳೇ ಪೈಪು ಇಷ್ಟು ವರ್ಷ ತಾಳಿದ್ದು ಕೆ.ಜಿ.ಯ ಸುಮಾರು ಮೂರನೇ ಒಂದು ಪಾಲನ್ನಷ್ಟೇ. ಅದರ ಮೇಲೆ ಒಂದೂವರೆ ಕೆ.ಜಿ.ಯ ಪಂಪ್ ಕೂರಿಸಿದರೆ ತುಕ್ಕು ಹಿಡಿದ ಜಾಯಿಂಟುಗಳು ಒಂದೊಂದಾಗಿ ಬಾಯಿ ಬಿಡುತ್ತವೆ. ಪಂಪು ಬೇಕೇ ಬೇಕಿದ್ದರೆ ಪೈಪು ಮೊದಲು ಬದಲಾಗಲಿ.

ನಾಲ್ಕನೆಯದು ಪ್ರಾಣದ ವಿಷಯ. ಹಳೇ ಕಾಲದ ಎಷ್ಟೋ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೇ ಸುತ್ತಿರುತ್ತಾರೆ. ಪೈಪು ನೆಲಕ್ಕೆ ಇಳಿದಿರುವುದರಿಂದ ಅದು ನಡೆಯುತ್ತಿತ್ತು. ನಡುವೆ ಒಂದು ಅಡಿ ಪ್ಲಾಸ್ಟಿಕ್ ಪೈಪು ಬಂದರೂ ಆ ದಾರಿ ತುಂಡಾಗುತ್ತದೆ. ನಲ್ಲಿ ಸೋರುವುದು ನಿಂತಿರುತ್ತದೆ, ಗೀಸರಿನಲ್ಲಿ ಶಾಕ್ ಹೊಡೆಯುವುದು ಶುರುವಾಗುತ್ತದೆ. ಆದ್ದರಿಂದ ಜಿಐ ತೆಗೆದು ಪ್ಲಾಸ್ಟಿಕ್ ಹಾಕಿಸಿದ ದಿನವೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ.

ಕಮೋಡ್ ಬದಲಿಸುವವರಿಗೆ ಇನ್ನೊಂದು ಮಾತು. ಅಂಗಡಿಗೆ ಹೋಗುವ ಮೊದಲು ಗೋಡೆಯಿಂದ ಹಳೇ ಹೊರಹೋಗುವ ಪೈಪಿನ ಬಾಯಿಯ ನಡುಮಧ್ಯಕ್ಕೆ ಎಷ್ಟು ಇಂಚಿದೆ ಎಂದು ಅಳೆದುಕೊಳ್ಳಿ. ಅದು ಹೊಂದದೆ ತಂದ ಕಮೋಡನ್ನು ಕೂರಿಸಲು ನೆಲ ಒಡೆಯಬೇಕಾಗುತ್ತದೆ, ಇಲ್ಲವೇ ಅದನ್ನು ವಾಪಸು ಹೊತ್ತುಕೊಂಡು ಹೋಗಬೇಕಾಗುತ್ತದೆ.

ಗೋಡೆ ಒಡೆಸಿದ್ದರೆ, ಮುಚ್ಚುವ ಮೊದಲು ಪರೀಕ್ಷೆ ಆಗಲೇಬೇಕು. ಕೈಪಂಪಿನಿಂದ ಲೈನಿಗೆ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಗಂಟೆ ಹೊತ್ತು ನೋಡುತ್ತಾರೆ. ಪಂಪು ಇಲ್ಲವೆಂದರೆ ಕಡೇಪಕ್ಷ ಟ್ಯಾಂಕು ತುಂಬಿಸಿ ಒಂದು ರಾತ್ರಿ ಬಿಡಿ. “ನಾಳೆ ಗಾರೆಯವರು ಸಿಗಲ್ಲ, ಇವತ್ತೇ ಮುಚ್ಚಿಬಿಡೋಣ” ಎಂಬ ಅವಸರಕ್ಕೆ ಒಪ್ಪಬೇಡಿ. ಕೊನೆಯ ಕಂತಿನ ದುಡ್ಡು ಆ ರಾತ್ರಿ ಕಳೆದ ಮೇಲೆ ಕೊಟ್ಟರಾಯಿತು. ಕೊಡುವಾಗ ಮಾತ್ರ ಚೌಕಾಸಿ ಮಾಡದೆ ಪೂರ್ತಿ ಕೊಡಿ.

ಕೇಳಬಾರದ್ದು

ಪ್ಲಂಬರಿನ ಹತ್ತಿರ ಕೇಳಬಾರದ ಕೆಲಸವೊಂದಿದೆ. ಚೇಂಬರ್ ಕಟ್ಟಿಕೊಂಡಾಗ, ಶೌಚದ ಪಿಟ್ ತುಂಬಿದಾಗ, “ಸ್ವಲ್ಪ ಇಳಿದು ನೋಡಪ್ಪಾ, ಮೇಲೆ ಇನ್ನೂರು ಕೊಡ್ತೀನಿ” ಎನ್ನುವವರು ನಮ್ಮ ನಡುವೆ ಈಗಲೂ ಇದ್ದಾರೆ. ಪಿಟ್ಟಿನೊಳಗಿನ ಗಾಳಿ ಕ್ಷಣಾರ್ಧದಲ್ಲಿ ಎಚ್ಚರ ತಪ್ಪಿಸುತ್ತದೆ. ಎತ್ತಲು ಇಳಿದವರೂ ಮೇಲೆ ಬರುವುದಿಲ್ಲ. ಕೈಯಿಂದ ಮಲ ಬಾಚುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಿತು. ಪಿಟ್ಟಿಗೆ ಯಂತ್ರದ ಗಾಡಿ ಕರೆಸಿ. ಬಹಳ ದಿನ ಮುಚ್ಚಿಟ್ಟಿದ್ದ ಸಂಪು ತೊಳೆಸುವಾಗಲೂ ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಮೇಲೊಬ್ಬರು ನಿಂತಿರದೆ ಯಾರನ್ನೂ ಇಳಿಸಬೇಡಿ.

ನಮ್ಮ ಬಚ್ಚಲಿನ ಕೆಲಸ ಎರಡೂವರೆ ದಿನದಲ್ಲಿ ಮುಗಿಯಿತು. ಹೊರಟಾಗ ಆ ಹಿರಿಯರು ನನ್ನ ಕೈಯಿಂದ ಒಂದು ಹಾಳೆ ಇಸಿದುಕೊಂಡು, ಮನೆಯ ಚೌಕ ಬರೆದು, ಹೊಸ ಲೈನು ಎಲ್ಲಿಂದ ಎಲ್ಲಿಗೆ ಹೋಗಿದೆ, ವಾಲ್ವುಗಳು ಎಲ್ಲಿವೆ, ಸತ್ತ ಹಳೇ ಲೈನು ಯಾವ ಗೋಡೆಯಲ್ಲಿದೆ ಎಂದು ಗೆರೆ ಎಳೆದುಕೊಟ್ಟರು. “ಮುಂದೆ ಬರೋನಿಗೆ ಇದನ್ನ ತೋರಿಸಿ. ನಾನೇ ಬರ್ತೀನಿ ಅಂತ ಏನು ಗ್ಯಾರಂಟಿ?” ಎಂದರು. ಐವತ್ತು ವರ್ಷದಲ್ಲಿ ಈ ಮನೆಗೆ ಸಿಕ್ಕ ಮೊದಲ ನಕ್ಷೆ ಅದು. ಗೋಡೆ ಮುಚ್ಚುವ ಮುನ್ನ ಅಳತೆಪಟ್ಟಿ ಹಿಡಿದು ತೆಗೆದ ನಾಲ್ಕು ಫೋಟೋಗಳ ಪ್ರಿಂಟಿನ ಜೊತೆ ಅದನ್ನು ಮನೆಯ ಖಾತೆ, ಕಂದಾಯ ರಸೀದಿಗಳ ಫೈಲಿನಲ್ಲೇ ಇಟ್ಟಿದ್ದೇನೆ. ನಿಮ್ಮ ಮನೆಗೂ ಇನ್ನು ಮುಂದೆ ಪ್ಲಂಬರ್ ಬಂದಾಗ ಕೆಲಸ ಮುಗಿಸಿ ಹೊರಡುವ ಮೊದಲು ಒಂದು ಹಾಳೆ, ಒಂದು ಪೆನ್ನು ಕೊಡಿ.